ಬೆಳ್ಳಿ ರೂಪಾಯಿ ಕಾವಲು ಕಾಯುತ್ತೆ, ಉತ್ತು ಬಿತ್ತೋದಿಲ್ಲ



2025 ರ ದೀಪಾವಳಿ ಹೊತ್ತಿಗೆ ಬೆಳ್ಳಿ ಬೆಲೆ ಏರಿದ ಮೇಲೆ ನಮ್ಮೂರ ಅರಳಿಕಟ್ಟೆಯ ಮಾತೇ ಬದಲಾಯಿತು. ಮಳೆ, ಕರೆಂಟು, ಕೊಬ್ಬರಿ ದರ ಎಲ್ಲ ಹಿಂದೆ ಬಿದ್ದು ಬೆಳ್ಳಿ ಮುಂದೆ ಬಂತು. ಯಾರ ಮನೆ ಪೆಟ್ಟಿಗೆಯಲ್ಲಿ ರಾಣಿ ರೂಪಾಯಿ ಇದೆ, ಯಾರ ಮನೆಯಲ್ಲಿ ಜಾರ್ಜ್ ದೊರೆಯದು ಇದೆ ಅನ್ನೋ ಲೆಕ್ಕ ಶುರುವಾಯಿತು. ಒಂದು ಸಂಜೆ ಪಕ್ಕದ ಹೊಲದ ಹುಡುಗ ನನ್ನ ಹತ್ತಿರ ಬಂದು ಕೂತ.

"ಚಿಕ್ಕಪ್ಪ, ಸೊಸೈಟಿಯಲ್ಲಿ ಬೆಳೆಸಾಲ ಮಂಜೂರಾಗಿದೆ. ಬಡ್ಡಿ ಇಲ್ಲ. ಆ ದುಡ್ಡಿಗೆ ಬೆಳ್ಳಿ ನಾಣ್ಯ ತಗೊಂಡು ಇಟ್ಟುಬಿಡೋಣ ಅಂತಿದೀನಿ. ರಾಗಿ ಬೆಳೆದು ನಾವು ಕಂಡಿದ್ದು ಅಷ್ಟರಲ್ಲೇ ಇದೆ. ಏನಂತೀರಿ?"

ನಾನು ಆಗ ಏನೂ ಹೇಳಲಿಲ್ಲ. ಹುಡುಗನ ಮಾತನ್ನು ದಡ್ಡತನ ಅಂತ ತಳ್ಳಿಹಾಕೋ ಹಾಗಿರಲಿಲ್ಲ. ಈ ಪ್ರಶ್ನೆ ಈಗ ಎಷ್ಟೋ ಹಳ್ಳಿಗಳಲ್ಲಿ ಎದ್ದಿದೆ. ಅದಕ್ಕೇ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರಿಗೆ ಉಳಿತಾಯ ಅಂದರೆ ಎರಡೇ. ಒಂದು ಹಗೇವಿನ ರಾಗಿ, ಇನ್ನೊಂದು ಗಡಿಗೆಯಲ್ಲಿಟ್ಟ ಬೆಳ್ಳಿ ರೂಪಾಯಿ. ರಾಗಿ ಬರಗಾಲಕ್ಕೆ, ಬೆಳ್ಳಿ ಆಪತ್ಕಾಲಕ್ಕೆ. ನಮ್ಮಜ್ಜಿಗೆ ಓದು ಬರಹ ಇರಲಿಲ್ಲ, ಹಣದುಬ್ಬರ ಅನ್ನೋ ಮಾತನ್ನು ಅವರು ಕೇಳಿರಲೇ ಇಲ್ಲ. ಆದರೆ ರೂಪಾಯಿಯನ್ನು ಕಲ್ಲಿನ ಮೇಲೆ ಎಸೆದು ಸದ್ದು ಕೇಳಿ, "ಇದು ಹಳೇದು, ಇದು ಯುದ್ಧದ್ದು" ಅಂತ ಬೇರೆ ಮಾಡುತ್ತಿದ್ದರು. ಹಳೇದು ಗಡಿಗೆಗೆ, ಯುದ್ಧದ್ದು ಮತ್ತು ನೋಟು ಸಂತೆ ಖರ್ಚಿಗೆ.

ಅಜ್ಜಿ ಮಾಡಿದ್ದು ಸರಿಯಾಗಿಯೇ ಇತ್ತು. 1835 ರಿಂದ ಬ್ರಿಟಿಷರು ಟಂಕಿಸಿದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಬಂದಾಗ 1917 ರಲ್ಲಿ ಒಂದು ರೂಪಾಯಿ ನೋಟು ತಂದರು. ಎರಡನೇ ಯುದ್ಧ ಬಂತು. 1940 ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947 ರಲ್ಲಿ ನಿಕ್ಕಲ್ ರೂಪಾಯಿ ಬಂತು. ಹೆಸರು ಅದೇ ರೂಪಾಯಿ. ಒಳಗಿನ ಬೆಳ್ಳಿ ಮಾತ್ರ 12 ರಲ್ಲಿ 11 ಪಾಲು ಇದ್ದದ್ದು 6 ಆಯಿತು, ಕೊನೆಗೆ ಸೊನ್ನೆ! ಹಣದುಬ್ಬರ ಅಂದರೇನು ಅಂತ ಯಾರಾದರೂ ಕೇಳಿದರೆ ಈ ಮೂರು ನಾಣ್ಯಗಳನ್ನು ಸಾಲಾಗಿ ಇಟ್ಟು ತೋರಿಸಿ, ಸಾಕು. ಸರ್ಕಾರಗಳು ರೂಪಾಯಿಯ ಹೆಸರು ಉಳಿಸಿ ಹೊಟ್ಟೆಯನ್ನು ಖಾಲಿ ಮಾಡುತ್ತವೆ.

ಲೋಹ ಕೂಡಿಡೋ ರೈತನನ್ನು ಕಂಡು ಪೇಟೆಯ ಪಂಡಿತರು ನಗೋದುಂಟು. ಸತ್ತ ಹಣ ಅಂತಾರೆ, ಅಜ್ಞಾನ ಅಂತಾರೆ. 1991 ರಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದೆ ನಮ್ಮ ದೇಶವೇ 47 ಟನ್ನು ಚಿನ್ನವನ್ನು ವಿಮಾನ ಹತ್ತಿಸಿ ಗಿರವಿ ಇಡಲಿಲ್ಲವೇ? 2025 ರ ಮಾರ್ಚ್ ಕೊನೆಗೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ 879 ಟನ್ನು ಚಿನ್ನ ಇತ್ತು. ದೇಶಕ್ಕೆ ಆಪತ್ಕಾಲಕ್ಕೆ ಲೋಹ ಬೇಕು ಅಂದರೆ ಜಾಣತನ, ಒಕ್ಕಲಿನ ಹೆಂಗಸು ಹತ್ತು ರೂಪಾಯಿ ಬೆಳ್ಳಿ ಕಟ್ಟಿಟ್ಟರೆ ಅಜ್ಞಾನವೇ?

ಹಾಗಾದರೆ ಆ ಹುಡುಗ ಹೇಳಿದ್ದು ಸರಿ ತಾನೇ? ಸಾಲ ತಂದು ಬೆಳ್ಳಿ ಕೊಳ್ಳಬಹುದಲ್ಲ? ಇಲ್ಲ. ಯಾಕೆ ಅಂತ ನಮ್ಮ ಮನೆ ಕತೆಯನ್ನೇ ಹೇಳುತ್ತೇನೆ.

1987 ರ ಬರ. ನಾನಾಗ ಹೈಸ್ಕೂಲಿನಲ್ಲಿದ್ದೆ. ರಾಗಿ ತೆನೆ ಕಟ್ಟುವ ಮೊದಲೇ ಒಣಗಿತ್ತು. ಕೈಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿದ್ದರು. ಅಜ್ಜಿ ಗಡಿಗೆ ತೆಗೆದು 60 ರೂಪಾಯಿ ಎಣಿಸಿ ಅಪ್ಪನ ಟವಲಿಗೆ ಕಟ್ಟಿದರು. ನಾನೂ ಜೊತೆಗೆ ಹೋದೆ. ಪೇಟೆಯ ಒಂದು ಗಿರವಿ ಅಂಗಡಿಯವನು ತೂಗಿ, ಉಜ್ಜಿ, "ಹಳೇದು, ಸವೆದಿದೆ, ತಾಮ್ರ ಜಾಸ್ತಿ" ಅಂತ ತೂಕದಲ್ಲಿ ಕಾಲು ಭಾಗ ಮುರಿದ. 12 ರಲ್ಲಿ ಒಂದೇ ಪಾಲು ತಾಮ್ರ ಅಂತ ನಮಗೆ ಗೊತ್ತಿರಲಿಲ್ಲ. ಆ 60 ರೂಪಾಯಿಯಲ್ಲಿ 640 ಗ್ರಾಂ ಅಚ್ಚ ಬೆಳ್ಳಿ ಇತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಅಂಗಡಿ ಮುಂದೆ ನಮ್ಮ ಹಾಗೇ ಟವಲಿನ ಗಂಟು ಹಿಡಿದ ಇನ್ನೂ ಎಂಟು ಹತ್ತು ಜನ ನಿಂತಿದ್ದರು. ಗೊತ್ತಿದ್ದರೂ ಏನು ಮಾಡೋದು? ಎದ್ದು ಬರೋ ಹಾಗಿರಲಿಲ್ಲ, ಸಾಲದವನು ಮನೆ ಜಗಲಿಯಲ್ಲಿ ಕೂತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ.

ಆ ದಿನ ಬೆಳ್ಳಿ ನಮ್ಮ ಕೈ ಬಿಡಲಿಲ್ಲ, ನಿಜ. ಸಾಲ ತೀರಿತು. ಆದರೆ ಬೆಳ್ಳಿಯ ಬೆಲೆಯನ್ನು ಕಟ್ಟಿದ್ದು ಬೆಳ್ಳಿ ಅಲ್ಲ, ನಮ್ಮ ಅವಸರ. ಬೆಳೆಯೂ ಹಾಗೇ ಅಲ್ಲವೇ? ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಂಡಿಗೆ ಹೊತ್ತರೆ ದರ ಬೀಳುತ್ತೆ. ಬರದಲ್ಲಿ ಎಲ್ಲರೂ ಒಟ್ಟಿಗೆ ಬೆಳ್ಳಿ ಹೊತ್ತರೆ ಗಿರವಿ ಅಂಗಡಿಯವನಿಗೆ ಸುಗ್ಗಿ. ಕಾಯೋ ಶಕ್ತಿ ಇರುವವನಿಗೆ ಮಾತ್ರ ಬೆಳ್ಳಿ ಪೂರಾ ಬೆಲೆ ಕೊಡುತ್ತೆ. ಸಾಲ ತಂದು ಕೊಂಡವನಿಗೆ ಆ ಶಕ್ತಿ ಮೊದಲ ದಿನದಿಂದಲೇ ಇಲ್ಲ.

ಇನ್ನು ಬೆಳ್ಳಿ ಏರುತ್ತಲೇ ಹೋಗುತ್ತೆ ಅನ್ನೋ ನಂಬಿಕೆಯನ್ನು ನೋಡೋಣ. 1980 ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನೆಲ್ಲ ಕೂಡಿಹಾಕಲು ಹೋಗಿ, ಒಂದು ಔನ್ಸಿಗೆ 50 ಡಾಲರಿನ ಹತ್ತಿರ ಬೆಲೆ ಹೋಯಿತು. ಮಾರ್ಚ್ 27 ಕ್ಕೆ ಅದು 11 ಡಾಲರಿಗಿಂತ ಕೆಳಗೆ ಬಿತ್ತು. ಮತ್ತೆ 50 ಡಾಲರು ದಾಟಿದ್ದು 2025 ರ ಅಕ್ಟೋಬರಿನಲ್ಲಿ. 45 ವರ್ಷ! ಆ 45 ವರ್ಷದಲ್ಲಿ ಡಾಲರಿಗೆ ಸುಮಾರು 8 ರೂಪಾಯಿ ಇದ್ದದ್ದು 88 ಆಯಿತು. ಲೋಕದ ಪೇಟೆಯ ಈ ಲೆಕ್ಕದಂತೆ, ಜನವರಿಯಲ್ಲಿ ಎಲ್ಲರೂ ಕೊಳ್ಳುತ್ತಾರೆ ಅಂತ ಕೊಂಡವನ ದುಡ್ಡು ನಮ್ಮ ರೂಪಾಯಿಯಲ್ಲಿ 11 ಪಟ್ಟು ಆಯಿತು. ಯಾರೂ ಕೇಳದ ಮಾರ್ಚ್ ಕೊನೆಯಲ್ಲಿ ಕೊಂಡವನದು 50 ಪಟ್ಟು ಆಯಿತು. ಲೋಹ ಅದೇ, ವರ್ಷ ಅದೇ, ನಡುವೆ ಎರಡು ತಿಂಗಳು.

ಇದರ ಪಕ್ಕ ನಮ್ಮ ಭತ್ತವನ್ನು ಇಡಿ. 1980-81 ರಲ್ಲಿ ಸಾಧಾರಣ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 105 ರೂಪಾಯಿ. 2025-26 ರಲ್ಲಿ 2,369 ರೂಪಾಯಿ. ಅಂದರೆ 22 ಪಟ್ಟು. ಮೇಲೇರಿದಾಗ ಕೊಂಡ ಬೆಳ್ಳಿ ನಮ್ಮ ಬಡಪಾಯಿ ಭತ್ತಕ್ಕಿಂತಲೂ ಹಿಂದೆ ಬಿತ್ತು! ಹಾಗಂತ ಭತ್ತದವನು ಗೆದ್ದ ಅಂತ ತಿಳಿಯಬೇಡಿ. ಆಳಿನ ಕೂಲಿ, ಡೀಸೆಲ್, ಔಷಧಿ, ಮಗಳ ಕಾಲೇಜು ಫೀಜು ಎಷ್ಟು ಪಟ್ಟಾಯಿತು ಅಂತ ನಿಮ್ಮ ನಿಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಿ. ಬೆಂಬಲ ಬೆಲೆ ಕಾಗದದ ಮೇಲಿನದು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಮಾರಿ ಆಗಿರುತ್ತೆ.

1980 ತುಂಬ ಹಳೇ ಕತೆ ಅಂತೀರಾ? 2011 ರ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲಿ ಬೆಳ್ಳಿ ಕೆಜಿಗೆ 70 ಸಾವಿರ ದಾಟಿತ್ತು. 2015 ರ ಕೊನೆಗೆ ಅದರ ಅರ್ಧದ ಆಸುಪಾಸಿಗೆ ಬಂತು. ಆ ನಾಲ್ಕೂವರೆ ವರ್ಷ ಸಾಲದ ಬಡ್ಡಿ ಒಂದು ದಿನವಾದರೂ ಸುಮ್ಮನಿತ್ತೇ? ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯ ಕೈಸಾಲ, ಚಕ್ರಬಡ್ಡಿ ಹಾಕದಿದ್ದರೂ, 2 ವರ್ಷ 10 ತಿಂಗಳಿಗೆ ದುಪ್ಪಟ್ಟು. ಬೆಳ್ಳಿ ಕೆಲವು ವರ್ಷ ಓಡುತ್ತೆ, ಕೆಲವು ವರ್ಷ ಮಲಗುತ್ತೆ. ಬಡ್ಡಿಗೆ ನಿದ್ದೆಯೇ ಇಲ್ಲ.

ಸೊಸೈಟಿ ಸಾಲಕ್ಕೆ ಬಡ್ಡಿ ಇಲ್ಲವಲ್ಲ ಅಂತ ಹುಡುಗ ಕೇಳಿದ್ದ. ನಮ್ಮ ರಾಜ್ಯದಲ್ಲಿ 2023-24 ರಲ್ಲಿ ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು 5 ಲಕ್ಷಕ್ಕೆ ಏರಿಸಿದ್ದು ನಿಜ. ಆದರೆ ಆ ರಿಯಾಯಿತಿ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ವಾಯಿದೆ ಬಂದ ದಿನ ಬೆಳ್ಳಿ ಬಿದ್ದಿದ್ದರೆ? ನಷ್ಟಕ್ಕೆ ಮಾರಬೇಕು, ಇಲ್ಲವೇ ಸುಸ್ತಿದಾರ ಅನ್ನಿಸಿಕೊಳ್ಳಬೇಕು. ಹೊಲಕ್ಕೆ ಗೊಬ್ಬರವೂ ಬಿದ್ದಿರೋದಿಲ್ಲ. ಇನ್ನೊಂದು ಮಾತು. ಬೆಳೆಸಾಲದ ಹಕ್ಕನ್ನು ನಾವು ಹೋರಾಡಿ ಪಡೆದದ್ದು ಬೆಳೆ ಬೆಳೆಯೋದಕ್ಕೆ. ಆ ದುಡ್ಡು ಚಿನಿವಾರ ಪೇಟೆಗೆ ಹೋಯಿತು ಅಂದರೆ ನಾಳೆ ರಿಯಾಯಿತಿ ಕಿತ್ತುಕೊಳ್ಳೋರ ಕೈಗೆ ನಾವೇ ದೊಣ್ಣೆ ಕೊಟ್ಟಂತೆ.

ಹಾಗಾದರೆ ಬೆಳ್ಳಿ ವಿಚಾರದಲ್ಲಿ ಏನು ಮಾಡಬೇಕು? ನನ್ನ ಅನುಭವ ಹೇಳುವಷ್ಟು ಹೇಳುತ್ತೇನೆ.

ಮನೆಯಲ್ಲಿ ಹಳೇ ರೂಪಾಯಿ ಇದ್ದರೆ ಇರಲಿ, ಬೆಲೆ ಏರಿತು ಅಂತ ಅವಸರಕ್ಕೆ ಕರಗಿಸಬೇಡಿ. ಲೆಕ್ಕ ಮಾತ್ರ ಕಲಿತುಕೊಳ್ಳಿ. 1939 ರವರೆಗಿನ ಪೂರಾ ರೂಪಾಯಿಯಲ್ಲಿ 10.69 ಗ್ರಾಂ ಬೆಳ್ಳಿ ಇದೆ. ಬೆಳ್ಳಿ ಕೆಜಿಗೆ 1 ಲಕ್ಷ ಅಂತ ಹಿಡಿದರೆ ಆ ರೂಪಾಯಿಯ ಬೆಳ್ಳಿಗೇ 1,069 ರೂಪಾಯಿ. 1940 ರಿಂದ 45 ರವರೆಗಿನದರಲ್ಲಿ ಅರ್ಧ ಬೆಳ್ಳಿ, 5.83 ಗ್ರಾಂ, ಅದಕ್ಕೆ 583 ರೂಪಾಯಿ. ದರ ಎರಡು ಲಕ್ಷವಾದರೆ ಇದರ ಎರಡರಷ್ಟು. ಸವೆದಿದ್ದರೆ ಸವೆದಷ್ಟು ತೂಕ ಕಳೆಯಲಿ, ಕಾಲು ಭಾಗ ಕಳೆಯೋಕೆ ಬಿಡಬೇಡಿ. 1947 ರ ನಿಕ್ಕಲ್ ರೂಪಾಯಿ ಅಯಸ್ಕಾಂತಕ್ಕೆ ಅಂಟುತ್ತೆ, ಬೆಳ್ಳಿಯದು ಅಂಟೋದಿಲ್ಲ. ಅಂಟದ ಖೋಟಾ ನಾಣ್ಯವೂ ಉಂಟು, ಅದಕ್ಕೇ ತೂಕವನ್ನೂ ನೋಡಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಪರೂಪದ ವರ್ಷದ ನಾಣ್ಯವಾದರೆ ಸಂಗ್ರಹಕಾರರು ಬೆಳ್ಳಿಗಿಂತ ಹೆಚ್ಚು ಕೊಡುತ್ತಾರೆ, ತಿಕ್ಕಿದರೆ ಆ ಬೆಲೆ ಹೋಯಿತು.

ಹೊಸದಾಗಿ ಕೊಳ್ಳೋದಾದರೆ ಮೊದಲು ಕೈಸಾಲ ತೀರಿಸಿ. ಆಮೇಲೆ ಬೀಜ ಗೊಬ್ಬರಕ್ಕೆ, ಮನೆ ಖರ್ಚಿಗೆ ತೆಗೆದಿಟ್ಟು ಒಳ್ಳೇ ವರ್ಷದಲ್ಲಿ ಉಳಿದದ್ದರಲ್ಲಿ ಒಂದು ಪಾಲಿಗೆ ಮಾತ್ರ ಕೊಳ್ಳಿ. ಒಂದೇ ಸಲಕ್ಕೆ ಬೇಡ, ವರ್ಷ ವರ್ಷ ಸ್ವಲ್ಪ ಸ್ವಲ್ಪ. ನೂರಕ್ಕೆ 3 ರೂಪಾಯಿ ಜಿ.ಎಸ್.ಟಿ., ಅದರ ಮೇಲೆ ಕೂಲಿ, ಮಾರುವಾಗ ಅಂಗಡಿಯವನ ಕಡಿತ, ಇಷ್ಟನ್ನು ದಾಟಿದ ಮೇಲೆ ತಾನೇ ನಿಮ್ಮ ಲಾಭ? ರಸೀದಿ ಜೋಪಾನ ಮಾಡಿ.

ಕಷ್ಟ ಬಂದರೆ ಮಾರುವ ಮೊದಲು ಬ್ಯಾಂಕಿನಲ್ಲಿ ಕೇಳಿ. ಬೆಳ್ಳಿಯ ಮೇಲೂ ಸಾಲ ಕೊಡುವ ಬಗ್ಗೆ 2025 ರಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿ, 2026 ರ ಏಪ್ರಿಲ್ 1 ರೊಳಗೆ ಜಾರಿಗೆ ತರಬೇಕು ಅಂತ ಹೇಳಿತು. ಒಡವೆ 10 ಕೆಜಿವರೆಗೆ, ನಾಣ್ಯ 500 ಗ್ರಾಂವರೆಗೆ. ಗಟ್ಟಿಗೆ ಸಾಲ ಇಲ್ಲ. ಹಳೇ ರೂಪಾಯಿಯನ್ನು ನಿಮ್ಮ ಶಾಖೆಯವರು ತೆಗೆದುಕೊಳ್ಳುತ್ತಾರೋ ಅಂತ ಕಷ್ಟ ಬರುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. 1987 ರಲ್ಲಿ ನಮ್ಮಪ್ಪನಿಗೆ ಈ ದಾರಿ ಇದ್ದಿದ್ದರೆ ಅಜ್ಜಿಯ ಗಡಿಗೆ ಖಾಲಿಯಾಗುತ್ತಿರಲಿಲ್ಲ.

ಕೊನೆಯ ಮಾತು. ಬೆಳ್ಳಿ ಇದ್ದದ್ದನ್ನು ಕಾಯುತ್ತೆ, ಇಲ್ಲದ್ದನ್ನು ತರೋದಿಲ್ಲ. ಗಡಿಗೆ ತುಂಬಬೇಕಾದರೆ ಮೊದಲು ಕಣ ತುಂಬಬೇಕು, ಕಣದ ಮಾಲಿಗೆ ಖರ್ಚಿನ ಮೇಲೆ ನ್ಯಾಯವಾದ ಬೆಲೆ ಸಿಗಬೇಕು. ಬೆಳ್ಳಿ ದರ ಏರಿದಾಗ ಕೊಂಡಾಡುವ ಪತ್ರಿಕೆಗಳೇ ಈರುಳ್ಳಿ, ಟೊಮ್ಯಾಟೊ ದರ ಏರಿದಾಗ ಗೋಳಾಡುತ್ತವೆ. ಮಣ್ಣಿನಲ್ಲಿ ಸಿಗೋ ಲೋಹ ಏರಿದರೆ ಸಂಪತ್ತು, ಮಣ್ಣಿನಲ್ಲಿ ನಾವು ಬೆಳೆಯೋ ಅನ್ನ ಏರಿದರೆ ಅಪರಾಧ! ಈ ತಕ್ಕಡಿ ಸರಿಯಾಗುವವರೆಗೂ ನಮ್ಮ ಯುವಕರಿಗೆ ಹೊಲಕ್ಕಿಂತ ಬೆಳ್ಳಿ ಅಂಗಡಿಯೇ ಚೆನ್ನಾಗಿ ಕಾಣುತ್ತೆ. ತಪ್ಪು ಹುಡುಗರದ್ದಲ್ಲ.

ಮರುದಿನ ಬೆಳಿಗ್ಗೆ ಆ ಹುಡುಗನ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅವನ ತಾಯಿ ಒಳಗಿಂದ ಒಂದು ಸಣ್ಣ ಗಂಟು ತಂದು ಬಿಚ್ಚಿದರು. ಏಳು ರಾಣಿ ರೂಪಾಯಿ. "ಇದನ್ನ ಮಾರೋದಾ ಬೇಡವಾ, ಹೇಳಣ್ಣ" ಅಂದರು. "ಕಟ್ಟಿ ಇಡಮ್ಮ" ಅಂದೆ. ಹುಡುಗ ಸಾಲದ ದುಡ್ಡಿನಲ್ಲಿ ಗೊಬ್ಬರ ತಂದ, ಕೆಟ್ಟು ಕೂತಿದ್ದ ಮೋಟಾರು ರಿಪೇರಿ ಮಾಡಿಸಿದ. ಅವನು ಬೆಳೆಯುವ ರಾಗಿಗೆ ಸರಿಯಾದ ಬೆಲೆ ಕೊಡಿಸೋದು ಈಗ ಅವನೊಬ್ಬನ ಕೆಲಸವಲ್ಲ, ನಮ್ಮೆಲ್ಲರ ಕೆಲಸ.