ಒಗರಿಗೆ ಎಷ್ಟು ಅಂಕ?

ವೈನಿಗೆ ಅಂಕ ಕೊಡುವ ಪದ್ಧತಿ ಈಗ ಲೋಕರೂಢಿಯಾಗಿಬಿಟ್ಟಿದೆ. ಹುಡುಗರ ಉತ್ತರಪತ್ರಿಕೆಗೆ ಕೊಟ್ಟಂತೆ ಈ ಬಾಟಲಿಗೆ 100ಕ್ಕೆ 91, ಆ ಬಾಟಲಿಗೆ 88 ಎಂದು ತಜ್ಞರು ಬರೆಯುತ್ತಾರೆ. ಅಂಗಡಿಯವನು ಅದನ್ನು ಚೀಟಿ ಮಾಡಿ ಬಾಟಲಿಯ ಕೊರಳಿಗೆ ತೂಗಹಾಕುತ್ತಾನೆ. ಈ ನೂರರ ಲೆಕ್ಕವನ್ನು ಜಗತ್ತಿಗೆ ರೂಢಿಮಾಡಿದವರು, 1978ರಲ್ಲಿ ಅಮೆರಿಕದಲ್ಲಿ ವೈನ್ ಪತ್ರಿಕೆಯೊಂದನ್ನು ಆರಂಭಿಸಿದ ರಾಬರ್ಟ್ ಪಾರ್ಕರ್. ಅವರ ಲೆಕ್ಕದಲ್ಲಿ ಬಾಟಲಿಯೊಳಗಿನದು ಎಂಥದ್ದೇ ಆಗಿರಲಿ, 50 ಅಂಕ ಮುಂಗಡವಾಗಿಯೇ ಸಂದಾಯ. ನಮ್ಮ ಗಣಿತದ ಪರೀಕ್ಷಕರಿಗೆ ಇಷ್ಟು ದಾಕ್ಷಿಣ್ಯವಿದ್ದಿದ್ದರೆ ಎಷ್ಟೋ ಮಂದಿ ಬದುಕಿಕೊಳ್ಳುತ್ತಿದ್ದರು!

ಕುಡಿಯುವುದು ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ನನಗೆ ಪ್ರಸ್ತುತವಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: ಒಂದು ವಸ್ತುವಿನ ಹೆಸರನ್ನೂ ಗುಣವನ್ನೂ ಅರಿಯುವ ಮೊದಲೇ ಇನ್ನೊಂದರ ಅಳತೆಗೋಲಿನಿಂದ ಅದಕ್ಕೆ ಅಂಕವಿಡುವುದು ನ್ಯಾಯವಲ್ಲ. ಈ ಅನ್ಯಾಯಕ್ಕೆ ಚಿಲಿ ದೇಶದ ವೈನುಗಳಷ್ಟು ಸ್ಪಷ್ಟವಾದ ನಿದರ್ಶನ ನನಗೆ ಮತ್ತೊಂದು ಕಾಣದು.

ಕೆಂಪು ವೈನನ್ನೇ ಮೊದಲು ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಚಿಲಿಯ ಶ್ರೀಮಂತರು ಫ್ರಾನ್ಸಿನ ಬೋರ್ಡೋ ಸೀಮೆಯಿಂದ ದ್ರಾಕ್ಷಿಯ ಕಡ್ಡಿಗಳನ್ನು ತರಿಸಿ ನೆಟ್ಟರು. ಆ ಬಳಿಕ ಫಿಲಾಕ್ಸೆರ ಎಂಬ, ಬಳ್ಳಿಯ ಬೇರನ್ನು ಹಾಳುಮಾಡುವ ಕೀಟ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿತು. ಅಲ್ಲಿ ಪುನಃ ನೆಡುವಾಗ ಕಾರ್ಮೆನೇರ್ ಎಂಬ ತಳಿಯನ್ನು ಯಾರೂ ವಿಚಾರಿಸಲಿಲ್ಲ. ಹುಟ್ಟೂರಿನಲ್ಲೇ ಅದು ಬಹುಮಟ್ಟಿಗೆ ಅಳಿದುಹೋಯಿತು. ಆದರೆ ಆಂಡೀಸ್ ಪರ್ವತ, ಮರುಭೂಮಿ, ಸಾಗರಗಳ ಮರೆಯಲ್ಲಿದ್ದ ಚಿಲಿಯನ್ನು ಕೀಟ ಮುಟ್ಟಲಿಲ್ಲ. ಕಾರ್ಮೆನೇರ್ ಅಲ್ಲಿ ಮೆರ್ಲೋ ಎಂಬ ನೆರೆಯ ತಳಿಯ ನಡುವೆ, ಮೆರ್ಲೋ ಎಂಬ ಹೆಸರಿನಲ್ಲೇ ಅಜ್ಞಾತವಾಸ ಮಾಡಿತು. ಮೆರ್ಲೋ ಬೇಗ ಮಾಗುತ್ತದೆ. ಕಾರ್ಮೆನೇರ್‌ಗೆ ಇನ್ನೂ ಕೆಲವು ವಾರ ಬೇಕು. ಎರಡನ್ನೂ ಒಂದೇ ದಿನ ಕೊಯ್ದರೆ ವೈನಿನಲ್ಲಿ ದೊಣ್ಣಮೆಣಸಿನಕಾಯಿಯ ಹಸಿವಾಸನೆ ಏಳುವುದು ಸಹಜ. ರುಚಿ ನೋಡಿದವರು ಇದನ್ನು ಒರಟು ಮೆರ್ಲೋ ಎಂದು ಬಗೆದರು. 1994ರ ನವೆಂಬರಿನಲ್ಲಿ ಫ್ರೆಂಚ್ ತಳಿತಜ್ಞ ಝಾನ್ ಮಿಶೆಲ್ ಬುರ್ಸಿಕೊ ಮೈಪೊ ಕಣಿವೆಯ ತೋಟವೊಂದರಲ್ಲಿ ಬಳ್ಳಿಗಳನ್ನು ಪರೀಕ್ಷಿಸಿ, ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದು ಗುರುತಿಸಿದರು. ಅಲ್ಲಿಂದೀಚೆಗೆ ಅದನ್ನು ಬೇರೆಯಾಗಿ, ತಡವಾಗಿ ಕೊಯ್ಯತೊಡಗಿದರು; ರುಚಿಯೂ ತಿರುಗಿತು. ಬಳ್ಳಿ ಅದೇ, ಮಣ್ಣು ಅದೇ. ತಿದ್ದಿದ್ದು ಹೆಸರನ್ನು, ಮತ್ತು ಕೊಯ್ಲಿನ ದಿನವನ್ನು.

ವಿದೇಶವಾಸದ ದಿನಗಳಲ್ಲಿ ನಾನು ಸವಿದ ಕಾರ್ಮೆನೇರ್‌ಗಳಲ್ಲಿ, ಆ ಮೆಣಸಿನಕಾಯಿಯ ನೆರಳು ಒಂದಿಷ್ಟು ಉಳಿದಿದ್ದವೇ ನನಗೆ ಹೆಚ್ಚು ಪ್ರಿಯವಾದುವು. ಇನ್ನು ಕೆಂಪು ವೈನಿನ ಒಗರು. ಹಣ್ಣಿನ ಸಿಪ್ಪೆಯಿಂದಲೂ ಬೀಜದಿಂದಲೂ ಇಳಿಯುವ ಈ ಗುಣವನ್ನು ವಿವರಿಸಲು ಪಾಶ್ಚಾತ್ಯ ಲೇಖಕರು ರೇಷ್ಮೆ, ಮಖಮಲ್ಲುಗಳನ್ನೆಲ್ಲ ಕರೆತರುತ್ತಾರೆ. ಎಳೆಯ ಅಡಿಕೆ, ನೆಲ್ಲಿಕಾಯಿ, ಬಾಳೆಕಾಯಿಗಳನ್ನು ಬಲ್ಲ ನಾಲಗೆಗೆ ಒಂದೇ ಮಾತು ಸಾಕು. ನಮ್ಮ ಹಿರಿಯರು ಒಗರನ್ನು ಷಡ್ರಸಗಳಲ್ಲಿ ಒಂದಾಗಿ ಎಣಿಸಿದರೇ ಹೊರತು ಅದಕ್ಕಾಗಿ ಅಂಕ ಕಳೆಯಲಿಲ್ಲ.

ಬಿಳಿಯ ವೈನಿನ ಕಥೆಯೂ ಇಂಥದ್ದೇ. ಸೊವಿನ್ಯೋನ್ ಬ್ಲಾಂ ಎಂದು ಚಿಲಿಯಲ್ಲಿ ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಬಹುಪಾಲು ಸೊವಿನ್ಯೋನಾಸ್ ಎಂಬ ಬೇರೆಯೇ ತಳಿ. ಅದರ ಪರಿಮಳ ಮಂದ. 1982ರಲ್ಲಿ ಪಾಬ್ಲೊ ಮೊರಾಂದೆ ಕಡಲ ಮಂಜು ಕವಿಯುವ ಕಾಸಾಬ್ಲಾಂಕ ಕಣಿವೆಯಲ್ಲಿ ಬಳ್ಳಿ ನೆಟ್ಟರು. ಆ ತಂಪಿನಲ್ಲಿ ನಿಧಾನವಾಗಿ ಮಾಗಿದ ಹಣ್ಣಿನ ಹುಳಿಗೆ ಒಂದು ಚುರುಕಿದೆ.

ಅಂಕಗಳಿಂದಲೇ ಅಲ್ಲವೇ ಚಿಲಿಗೆ ಕೀರ್ತಿ ಬಂದದ್ದು ಎಂದು ಯಾರಾದರೂ ಕೇಳಬಹುದು. ನಿಜವೇ. 2004ರ ಜನವರಿಯಲ್ಲಿ ಎದುವಾರ್ದೊ ಚಾಡ್ವಿಕ್ ಬರ್ಲಿನ್ನಿನಲ್ಲಿ ಹೆಸರು ಮರೆಮಾಡಿದ ಪರೀಕ್ಷೆಯೊಂದನ್ನು ಏರ್ಪಡಿಸಿದರು. ತಮ್ಮ ವೈನುಗಳನ್ನು ಫ್ರಾನ್ಸ್, ಇಟಲಿಗಳ ಶ್ರೇಷ್ಠ ವೈನುಗಳ ಸಾಲಿನಲ್ಲಿ ಇಟ್ಟರು. ಅವರ ವಿನ್ಯೇದೊ ಚಾಡ್ವಿಕ್ ಮೊದಲನೆಯದಾಯಿತು, ಸೆನ್ಯ ಎರಡನೆಯದು. ಬೋರ್ಡೋವಿನ ಶಾತೊ ಲಾಫೀತ್ ಮೂರನೆಯದು. ಹೆಸರಿನ ಗರ್ವ ಮುರಿಯಲು ಇದು ಒಳ್ಳೆಯ ಉಪಾಯವೆಂಬುದನ್ನು ಒಪ್ಪುತ್ತೇನೆ. ಆದರೆ ಗೆದ್ದ ಎರಡೂ ಬೋರ್ಡೋ ಮಾದರಿಯವೇ ಎಂಬುದನ್ನು ವಾಚಕರು ಗಮನಿಸಬೇಕು. ಅಳತೆಗೋಲು ಬದಲಾಗಲಿಲ್ಲ. ಆ ಕೋಲಾದರೂ ನೆಟ್ಟಗಿದೆಯೇ? ಕ್ಯಾಲಿಫೋರ್ನಿಯದ ಸ್ಪರ್ಧೆಯೊಂದರಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಯದಂತೆ ಮೂರು ಸಲ ಕೊಟ್ಟು ನೋಡಿದ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಸ್ಥಿರವಾಗಿ ತೀರ್ಪು ಕೊಟ್ಟವರು ಹತ್ತರಲ್ಲಿ ಸುಮಾರು ಒಬ್ಬರು.

ಈ ಕೋಲಿನ ಲೆಕ್ಕಕ್ಕೆ ಬಹುಕಾಲ ಬಾರದೇ ಹೋದ ತಳಿಯೊಂದಿದೆ; ಅದರ ಹೆಸರು ಪಾಯಿಸ್. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ತಂದದ್ದು. ಮೌಲೆ, ಇತಾತ ಸೀಮೆಗಳಲ್ಲಿ ನೂರು ವರ್ಷ ದಾಟಿದ ಬಳ್ಳಿಗಳು ನೀರಾವರಿಯಿಲ್ಲದೆ ಇಂದಿಗೂ ಫಲ ಕೊಡುತ್ತಿವೆ. ಇದರಿಂದ ರೈತರು ಪಿಪೆನ್ಯೊ ಎಂಬ ನಾಟಿ ವೈನನ್ನು ತೆಗೆದು ಹೊಸತಿರುವಾಗಲೇ ಕುಡಿಯುತ್ತಾರೆ. ಬಣ್ಣ ತಿಳಿ, ಒಗರು ಒರಟು, ಮಾತು ನೇರ. ತೊಂಬತ್ತರ ಚೀಟಿ ಇದಕ್ಕೆ ಸಿಕ್ಕುವುದು ಕಷ್ಟ. ಚೀಟಿಯಿಲ್ಲದ ಹಣ್ಣಿಗೆ ಬೆಲೆಯೂ ಕಡಿಮೆ. ಕೆಲವರು ಇತ್ತೀಚೆಗೆ ಇದನ್ನು ಇದರ ಹೆಸರಿನಲ್ಲೇ ಮಾರತೊಡಗಿದ್ದಾರೆ, ಸಂತೋಷ. ಆದರೆ ಅಷ್ಟರಲ್ಲಿ ಎಷ್ಟೋ ಇಳಿಜಾರುಗಳಲ್ಲಿ ಬಳ್ಳಿ ಕಿತ್ತು ಪೈನ್, ನೀಲಗಿರಿ ಮರಗಳನ್ನು ನೆಟ್ಟಾಗಿತ್ತು. 2017ರಲ್ಲಿ ಮೌಲೆಯಲ್ಲಿ, 2023ರಲ್ಲಿ ಇತಾತದಲ್ಲಿ ಕಾಡ್ಗಿಚ್ಚು ಎದ್ದಾಗ, ಆ ನೆಡುತೋಪುಗಳ ಬೆಂಕಿ ಪಕ್ಕದಲ್ಲಿ ಉಳಿದಿದ್ದ ಹಳೆಯ ದ್ರಾಕ್ಷಿತೋಟಗಳಿಗೂ ಹಬ್ಬಿತು.