ಹಾಲುಹಲ್ಲಿನ ನೋವು ಸಣ್ಣದಲ್ಲ

ಇತ್ತೀಚೆಗೆ ಒಂದು ಸಂಜೆ ನಾವು ಬೆಂಗಳೂರಿನ ಜಕ್ಕೂರಿನಲ್ಲಿರುವ ಮಕ್ತಬ್ ಒಂದಕ್ಕೆ ಹೋಗಿದ್ದೆವು. ಮಕ್ಕಳೆಲ್ಲ ಗಟ್ಟಿಯಾಗಿ ಪಾಠ ಓದುತ್ತಿದ್ದರೆ, ಸುಮಾರು ಏಳು ವರ್ಷದ ಬಾಲಕನೊಬ್ಬ ಕೆನ್ನೆಗೆ ಅಂಗೈ ಒತ್ತಿಕೊಂಡು ಸುಮ್ಮನೆ ಕುಳಿತಿದ್ದ. ಪಾಠ ಕಲಿತಿಲ್ಲವೆಂದು ಹಜ್ರತ್ ಭಾವಿಸಿದ್ದರು. ಬಳಿಗೆ ಕರೆದು ವಿಚಾರಿಸಿದಾಗ ಬಾಯಿ ತೆರೆದು ತೋರಿಸಿದ. ದವಡೆಯ ಎರಡು ಹಲ್ಲುಗಳು ಕಪ್ಪಾಗಿ ಟೊಳ್ಳಾಗಿದ್ದವು, ವಸಡು ಊದಿಕೊಂಡಿತ್ತು. ಎರಡು ರಾತ್ರಿಗಳಿಂದ ನಿದ್ರೆಯಿಲ್ಲವಂತೆ. “ಹಾಲುಹಲ್ಲು, ಹೇಗೂ ಬಿದ್ದುಹೋಗುತ್ತದೆ ಅಂತ ಅಮ್ಮಿ ಹೇಳಿದ್ದಾರೆ” ಎಂದ.

ಆ ತಾಯಿಯನ್ನು ದೂರಿ ಪ್ರಯೋಜನವಿಲ್ಲ. ಜಾತಿ ಧರ್ಮಗಳ ಭೇದವಿಲ್ಲದೆ ನಮ್ಮೆಲ್ಲರ ಮನೆಗಳಲ್ಲಿ ಕೇಳಿಬರುವ ಮಾತಿದು. 2002-03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದ ಮಕ್ಕಳಲ್ಲಿ ಶೇ. 51.9ರಷ್ಟು ಮಂದಿಗೆ ಹುಳುಕು ಹಲ್ಲಿತ್ತು. ಜಗತ್ತಿನಾದ್ಯಂತ 51 ಕೋಟಿಗೂ ಅಧಿಕ ಮಕ್ಕಳ ಹಾಲುಹಲ್ಲುಗಳು ಹುಳುಕಾಗಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿದೆ. ಇಷ್ಟು ವ್ಯಾಪಕವಾದ ರೋಗವನ್ನು ನಾವು ರೋಗವೆಂದೇ ಪರಿಗಣಿಸುವುದಿಲ್ಲ ಎಂಬುದೇ ವಿಪರ್ಯಾಸ.

ಹುಳುಕು ಎಂಬ ಪದ ಕೇಳಿದೊಡನೆ ಹಲ್ಲನ್ನು ಹುಳ ತಿನ್ನುತ್ತಿದೆ ಎಂದು ಅನೇಕರು ಇಂದಿಗೂ ನಂಬಿದ್ದಾರೆ. ಅಲ್ಲಿ ಯಾವ ಹುಳವೂ ಇಲ್ಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಎಷ್ಟು ಸಿಹಿ ತಿಂದರು ಎಂಬುದರಷ್ಟೇ, ದಿನಕ್ಕೆ ಎಷ್ಟು ಬಾರಿ ತಿಂದರು ಎಂಬುದೂ ಮುಖ್ಯ. ಬೆಳಿಗ್ಗೆ ಸಿಹಿ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಶಾಲೆಯ ದಾರಿಯಲ್ಲಿ ಚಾಕಲೇಟು, ಅಳು ನಿಲ್ಲಿಸಲು ಲಾಲಿಪಾಪು, ರಾತ್ರಿ ಬಾಯಲ್ಲೇ ಉಳಿದ ಹಾಲಿನ ಬಾಟಲಿ. ಹೀಗೆ ಮಗುವಿನ ಹಲ್ಲು ಹಗಲಿರುಳು ಆಮ್ಲದಲ್ಲೇ ನೆನೆಯುತ್ತಿರುತ್ತದೆ.

ಹಾಲುಹಲ್ಲು ಬೀಳುತ್ತದೆ, ನಿಜ. ಆದರೆ ಹಾಲು ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕಾದವು. ಅಲ್ಲಿಯವರೆಗೆ ಮಗು ಅಗಿಯಬೇಕು, ಮಲಗಬೇಕು, ಕಲಿಯಬೇಕು. ಅವು ಅಕಾಲದಲ್ಲಿ ಹೋದರೆ ಮುಂದೆ ಬರುವ ಹಲ್ಲುಗಳು ವಕ್ರವಾಗುವ ಸಂಭವವಿದೆ. ಕೀವು ತುಂಬಿ ಸೋಂಕು ಹರಡಿದರೆ ಜೀವಕ್ಕೂ ಅಪಾಯವುಂಟು. ಆರರ ಪ್ರಾಯದಲ್ಲಿ ಹಾಲುಹಲ್ಲುಗಳ ಹಿಂದೆ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದೇ ಭಾವಿಸಿ ಹುಳುಕಾಗಲು ಬಿಡುವ ಹೆತ್ತವರು ಎಷ್ಟಿಲ್ಲ? ಅದು ಹೋದರೆ ಮತ್ತೆ ಹುಟ್ಟುವುದಿಲ್ಲ.

ಪ್ರವಾದಿ(ಸ)ರು ಮಿಸ್ವಾಕ್‌ಗೆ ನೀಡಿದ ಮಹತ್ವವನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಸಮುದಾಯಕ್ಕೆ ಹೊರೆಯಾಗದಿರುತ್ತಿದ್ದರೆ ಪ್ರತಿ ನಮಾಜಿಗೂ ಅದನ್ನು ಆದೇಶಿಸುತ್ತಿದ್ದರೆಂಬುದನ್ನು ನಾವು ಖುತ್ಬಾಗಳಲ್ಲಿ ಕೇಳಿದ್ದೇವೆ. ಆದರೆ ಆ ಬೋಧನೆಯನ್ನು ಪುಣ್ಯದ ಪಟ್ಟಿಗೆ ಸೇರಿಸಿದೆವೇ ಹೊರತು ಮಕ್ಕಳ ಬಾಯಿಯವರೆಗೆ ತಲುಪಿಸಲಿಲ್ಲ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ ಎನ್ನುವವರು ಅವರ ಹಲ್ಲನ್ನು ಆ ಅಮಾನತ್ತಿನಿಂದ ಹೊರಗಿಡುವುದು ಹೇಗೆ?

ಹೊಣೆ ಮನೆಯದ್ದು ಮಾತ್ರವಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ಹಲ್ಲಿನ ತಪಾಸಣೆಗೂ ಅವಕಾಶವಿದೆ. ಆದರೆ ಅದನ್ನು ರೂಪಿಸಿರುವುದು ಅಂಗನವಾಡಿ, ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗಾಗಿ. ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಸಣ್ಣ ಖಾಸಗಿ ಶಾಲೆಗೆ ಕಳುಹಿಸುವ ಆಟೋ ಚಾಲಕನ, ಗಾರೆ ಕೆಲಸದವನ ಮಗು ಅದರ ವ್ಯಾಪ್ತಿಯಿಂದ ಹೊರಗುಳಿಯುತ್ತದೆ. 2014ರಲ್ಲಿ ರಾಜ್ಯ ಸರಕಾರವು ಬಡ ವೃದ್ಧರಿಗೆ ಕೃತಕ ಹಲ್ಲು ಒದಗಿಸುವ ದಂತಭಾಗ್ಯ ಯೋಜನೆ ಜಾರಿಗೊಳಿಸಿತು. ಅದು ಸ್ವಾಗತಾರ್ಹ ಹೆಜ್ಜೆ. ಆದರೆ ಹಲ್ಲು ಉದುರಿದ ಬಳಿಕ ತೋರುವ ಕಾಳಜಿಯನ್ನು ಹಲ್ಲು ಮೂಡುವಾಗಲೂ ತೋರಬಾರದೇ? ಈ ತಪಾಸಣೆಯನ್ನು ಮದ್ರಸಗಳಿಗೂ ಸಣ್ಣ ಖಾಸಗಿ ಶಾಲೆಗಳಿಗೂ ವಿಸ್ತರಿಸಬೇಕೆಂದು ನಾವು ಆಗ್ರಹಿಸಬೇಕಾಗಿದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಜಕ್ಕೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಹುಣಸಮಾರನಹಳ್ಳಿಯಲ್ಲಿ ದಂತ ಕಾಲೇಜಿದೆ. ನಗರದ ಕೋಟೆ ಪ್ರದೇಶದಲ್ಲಿ ಸರಕಾರಿ ದಂತ ಕಾಲೇಜಿದೆ. ಇಂತಹ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ದೊರೆಯುತ್ತದೆ. ಮಸೀದಿ ಕಮಿಟಿಗಳು ವರ್ಷಕ್ಕೊಮ್ಮೆ ಅಲ್ಲಿನ ವೈದ್ಯರನ್ನು ಮಕ್ತಬ್‌ಗೆ ಆಹ್ವಾನಿಸಲಿ. ಜಲ್ಸಾಗಳ ಶಾಮಿಯಾನಕ್ಕೆ ವ್ಯಯಿಸುವುದರ ಒಂದಂಶ ಇದಕ್ಕೆ ಸಾಕು. ಮನೆಯಲ್ಲಿ ಹೆತ್ತವರು ಬೆಳಿಗ್ಗೆ ಮತ್ತು ಮಲಗುವ ಮುನ್ನ ತಾವೇ ನಿಂತು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸಲಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆ ಬಳಿಕ ಆರರವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ಲವಂಗವಾಗಲಿ, ಮೆಡಿಕಲ್ ಶಾಪಿನ ಮಾತ್ರೆಯಾಗಲಿ ನೋವನ್ನು ತುಸು ಹೊತ್ತು ಮರೆಸುತ್ತದೆಯೇ ಹೊರತು ಹುಳುಕನ್ನು ನಿಲ್ಲಿಸುವುದಿಲ್ಲ.

ಆ ಬಾಲಕ ಪಾಠ ಕಲಿಯದ ಸೋಮಾರಿಯಾಗಿರಲಿಲ್ಲ, ನೋವುಣ್ಣುತ್ತಿದ್ದ. ನಮ್ಮ ತರಗತಿಗಳಲ್ಲಿ ಹೀಗೆ ಕೆನ್ನೆ ಹಿಡಿದು ಕುಳಿತವರು ಇನ್ನೆಷ್ಟು ಮಂದಿಯಿದ್ದಾರೋ? ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಮಗುವಿನ ಬಾಯಿಯನ್ನೊಮ್ಮೆ ಬೆಳಕಿನಲ್ಲಿ ತೆರೆದು ನೋಡಿರಿ.