ಲಾಗ್‌ಬುಕ್ಕಿನ ಗಂಟೆಗಳೂ ವಾಯುಪಡೆಯ ಬಾಗಿಲೂ

ವಿಮಾನ ಹಾರಿಸಲು ಆಗಲೇ ಕಲಿತಿರುವ ಪದವೀಧರನಿಗೆ ವಾಯುಪಡೆಯ ಪೈಲಟ್ ಆಗುವುದು ಉಳಿದವರಿಗಿಂತ ಸುಲಭವಲ್ಲವೇ? ಕಳೆದ ಕೆಲವು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾಲ್ಕೈದು ಮಂದಿ ನನ್ನಲ್ಲಿ ಕೇಳಿದ್ದಾರೆ. ಕೇಳಿದವರೆಲ್ಲರೂ ನನ್ನ ಹಳೆಯ ವಿದ್ಯಾರ್ಥಿಗಳು. ಒಂದು ಕಾಲದಲ್ಲಿ ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಮಾಡಿ ನನ್ನೆದುರು ಒಪ್ಪಿಸಿದವರು ಈಗ ಮಕ್ಕಳ ಭವಿಷ್ಯದ ಚಿಂತೆ ಹೊತ್ತವರಾಗಿದ್ದಾರೆ. ಅವರಲ್ಲೊಬ್ಬರು ಅಡಿಕೆ ತೋಟವನ್ನು ಅಡವಿಟ್ಟು, ಇಂಜಿನಿಯರಿಂಗ್ ಮುಗಿಸಿದ ಮಗನಿಗೆ ವಾಣಿಜ್ಯ ಪೈಲಟ್ ಪರವಾನಗಿ ಕೊಡಿಸಿ, ಆ ಮೂಲಕ ಅವನನ್ನು ವಾಯುಪಡೆಗೆ ಸೇರಿಸುವ ಆಲೋಚನೆಯಲ್ಲಿದ್ದಾರೆಂದು ತಿಳಿದ ಮೇಲೆ, ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಒಮ್ಮೆ ವಿವರವಾಗಿ ಬರೆಯುವುದೇ ಲೇಸೆನಿಸಿತು.

ನಾನು ವೈಮಾನಿಕನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹಾಗೂ ಭೌತವಿಜ್ಞಾನ ಬೋಧಿಸಿದವನು. ಆದರೆ ಇಲ್ಲಿರುವುದು ವಿಮಾನದ ಪ್ರಶ್ನೆಗಿಂತ ಹೆಚ್ಚಾಗಿ ಕಲಿಕೆಯ ಪ್ರಶ್ನೆ. ಆದ್ದರಿಂದ ಒಂದೆರಡು ಮಾತು ಹೇಳುವ ಅಧಿಕಾರ ನನಗೂ ಇದೆಯೆಂದು ಭಾವಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾಯುಪಡೆಯನ್ನೇ ಗುರಿಯಾಗಿಸಿಕೊಂಡವನಿಗೆ ಹಾರಾಟದ ಅನುಭವ ಒಳ್ಳೆಯದು, ಆದರೆ ಸ್ವಲ್ಪವಿದ್ದರೆ ಸಾಕು. ಇನ್ನೂರು ಗಂಟೆಗಳ ಅನುಭವವನ್ನು ಸಾಲ ಮಾಡಿ ಕೊಂಡುಕೊಂಡು ವಾಯುಪಡೆಯ ಬಾಗಿಲು ತಟ್ಟುವುದು ವಿವೇಕವಲ್ಲ.

ನಿಯಮಗಳು ಏನು ಹೇಳುತ್ತವೆಂಬುದನ್ನು ನೋಡೋಣ. ಪದವೀಧರರು ಹಾರಾಟ ಶಾಖೆಗೆ ಸೇರಲು ಮುಖ್ಯವಾಗಿ ಮೂರು ದಾರಿಗಳಿವೆ: ಕೇಂದ್ರ ಲೋಕಸೇವಾ ಆಯೋಗ ನಡೆಸುವ ಸಿ.ಡಿ.ಎಸ್. ಪರೀಕ್ಷೆ, ವಾಯುಪಡೆಯೇ ವರ್ಷಕ್ಕೆರಡು ಬಾರಿ ನಡೆಸುವ ಎ.ಎಫ್.ಕ್ಯಾಟ್ ಪರೀಕ್ಷೆ, ಮತ್ತು ಎನ್.ಸಿ.ಸಿ. ವಾಯುದಳದ 'ಸಿ' ಪ್ರಮಾಣಪತ್ರ ಪಡೆದವರಿಗಿರುವ ವಿಶೇಷ ಪ್ರವೇಶ. ಎ.ಎಫ್.ಕ್ಯಾಟ್ ಮೂಲಕ ಬರುವವರು ಪಿ.ಯು.ಸಿ.ಯಲ್ಲಿ ಗಣಿತ, ಭೌತವಿಜ್ಞಾನಗಳೆರಡರಲ್ಲೂ ತಲಾ ಶೇ. 50 ಅಂಕ, ಪದವಿಯಲ್ಲಿ ಶೇ. 60 ಅಂಕ ಪಡೆದಿರಬೇಕು. ವಯಸ್ಸು 20ರಿಂದ 24ರೊಳಗಿರಬೇಕು. ಚಾಲ್ತಿಯಲ್ಲಿರುವ ವಾಣಿಜ್ಯ ಪೈಲಟ್ ಪರವಾನಗಿ ಇದ್ದವರಿಗೆ ಈ ಗರಿಷ್ಠ ವಯೋಮಿತಿ 26ಕ್ಕೆ ಏರುತ್ತದೆ. ಪರವಾನಗಿಗೆ ನಿಯಮಾವಳಿಯಲ್ಲಿ ದೊರೆಯುವ ಮನ್ನಣೆ ಈ ಎರಡು ವರ್ಷಗಳ ರಿಯಾಯಿತಿ. ಅದು ಇದೆಯೆಂದು ಲಿಖಿತ ಪರೀಕ್ಷೆ ತಪ್ಪುವುದಿಲ್ಲ, ಆಯ್ಕೆ ಮಂಡಳಿಯ ಸಂದರ್ಶನ ತಪ್ಪುವುದಿಲ್ಲ, ತರಬೇತಿಯ ಒಂದು ದಿನವೂ ಕಡಿಮೆಯಾಗುವುದಿಲ್ಲ.

ಆಯ್ಕೆ ಮಂಡಳಿ ನಮ್ಮ ಮೈಸೂರಿನಲ್ಲೂ ಇದೆ. ಅಲ್ಲಿ ಸುಮಾರು ಐದು ದಿನಗಳ ಕಾಲ ಅಭ್ಯರ್ಥಿಯ ಮನೋಧರ್ಮವನ್ನು, ಗುಂಪಿನಲ್ಲಿ ಅವನು ನಡೆದುಕೊಳ್ಳುವ ಬಗೆಯನ್ನು, ಕಷ್ಟ ಬಂದಾಗ ಜವಾಬ್ದಾರಿ ಹೊರುವ ಗುಣವನ್ನು ಒರೆಗೆ ಹಚ್ಚುತ್ತಾರೆ. ಮಂಡಳಿ ಹುಡುಕುವುದು ಅಧಿಕಾರಿಯೊಬ್ಬನನ್ನು. ವಿಮಾನ ಹಾರಿಸುವುದನ್ನು ಆಮೇಲೆ ತಾನೇ ಕಲಿಸಿಕೊಳ್ಳಬಲ್ಲೆನೆಂಬ ವಿಶ್ವಾಸ ವಾಯುಪಡೆಗಿದೆ.

ಇದಾದ ಮೇಲೆ ಪೈಲಟ್ ಆಗಬಯಸುವವರಿಗೆ ಮಾತ್ರ ಇನ್ನೊಂದು ಪರೀಕ್ಷೆಯಿದೆ. ಅದನ್ನು ಗಣಕೀಕೃತ ಪೈಲಟ್ ಆಯ್ಕೆ ವ್ಯವಸ್ಥೆ ಎನ್ನುತ್ತಾರೆ. ಮೀಟರುಗಳನ್ನು ಓದಿ ವಿಮಾನದ ಸ್ಥಿತಿಯನ್ನು ಗ್ರಹಿಸುವ ಶಕ್ತಿ, ಕಣ್ಣು-ಕೈ-ಕಾಲುಗಳ ಹೊಂದಾಣಿಕೆ, ಏಕಕಾಲದಲ್ಲಿ ಹಲವು ಕೆಲಸಗಳನ್ನು ಸಂಭಾಳಿಸುವ ಚುರುಕು ಇವುಗಳನ್ನು ಅಲ್ಲಿ ಅಳೆಯುತ್ತಾರೆ. ಜೀವಮಾನದಲ್ಲಿ ಒಂದೇ ಒಂದು ಸಲ ಬರೆಯಬಹುದಾದ ಪರೀಕ್ಷೆಯಿದು. ಅನುತ್ತೀರ್ಣನಾದರೆ ವಾಯುಪಡೆಯ ನೆಲದ ಶಾಖೆಗಳಿಗೆ ಹೋಗಬಹುದು, ಪೈಲಟ್ ಆಗಿ ಮತ್ತೆ ಪ್ರಯತ್ನಿಸುವಂತಿಲ್ಲ. ಇನ್ನೂರು ಗಂಟೆ ಹಾರಿದವನಿಗೂ ಈ ನಿಯಮದಲ್ಲಿ ವಿನಾಯಿತಿಯಿಲ್ಲ. ತೋಟ ಅಡವಿಡುವ ಮುನ್ನ ತಂದೆ ತಾಯಿಗಳು ಈ ಒಂದು ಸಂಗತಿಯನ್ನಾದರೂ ತಿಳಿದಿರಬೇಕು.

ಆನಂತರ ಬರುವುದು ವೈದ್ಯಕೀಯ ಪರೀಕ್ಷೆ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಅಥವಾ ದೆಹಲಿಯ ಕೇಂದ್ರದಲ್ಲಿ ಅದು ನಡೆಯುತ್ತದೆ. ಕನಿಷ್ಠ ಎತ್ತರ 162.5 ಸೆಂಟಿಮೀಟರ್ ಬೇಕು. ಕಾಲಿನ ಉದ್ದ, ತೊಡೆಯ ಉದ್ದ, ಕುಳಿತಾಗಿನ ಎತ್ತರಗಳನ್ನೂ ಅಳೆಯುತ್ತಾರೆ. ಏಕೆಂದರೆ ಯುದ್ಧವಿಮಾನದ ಇಕ್ಕಟ್ಟಾದ ಕೋಣೆಯಲ್ಲಿ ದೇಹ ಸರಿಯಾಗಿ ಹಿಡಿಸಬೇಕು. ಕನ್ನಡಕ ಧರಿಸುವವರು ಪ್ರಯಾಣಿಕ ವಿಮಾನಗಳನ್ನು ಹಾರಿಸಬಹುದು. ವಾಯುಪಡೆಯ ಹಾರಾಟ ಶಾಖೆಯ ದೃಷ್ಟಿ ನಿಯಮಗಳು ಅದಕ್ಕಿಂತ ಬಹಳ ಕಟ್ಟುನಿಟ್ಟು. ನಾಗರಿಕ ಪರವಾನಗಿಗೆ ಸಾಕಾಗುವ ಆರೋಗ್ಯ ಇಲ್ಲಿ ಸಾಕಾಗದೆ ಹೋಗಬಹುದು. ಅಳತೆ ಪಟ್ಟಿಯೂ ಕಣ್ಣಿನ ವೈದ್ಯರ ಚೀಟಿಯೂ ಕೆಲವು ನೂರು ರೂಪಾಯಿಗಳಲ್ಲಿ ಹೇಳಿಬಿಡುವ ಸತ್ಯವನ್ನು ಹತ್ತಾರು ಲಕ್ಷ ಖರ್ಚಾದ ಮೇಲೆ ತಿಳಿಯುವುದು ಎಂಥ ಸಂಕಟ!

ಇನ್ನು ತರಬೇತಿ. ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ 2013ರಿಂದ ಪಿಲಾಟಸ್ ಪಿ.ಸಿ.-7 ವಿಮಾನದಲ್ಲಿ ಮೊದಲ ಪಾಠಗಳು ನಡೆಯುತ್ತಿವೆ. ನಮ್ಮ ಎಚ್.ಎ.ಎಲ್. ರೂಪಿಸಿರುವ ಎಚ್.ಟಿ.ಟಿ.-40 ತರಬೇತಿ ವಿಮಾನಗಳು 70 ಬೇಕೆಂದು 2023ರಲ್ಲಿ ಒಪ್ಪಂದವಾಗಿದೆ. ಮುಂದೆ ಅಭ್ಯರ್ಥಿಗಳು ಯುದ್ಧವಿಮಾನ, ಸಾರಿಗೆ ವಿಮಾನ, ಹೆಲಿಕಾಪ್ಟರ್ ಎಂದು ಮೂರು ಕವಲುಗಳಾಗಿ ಹಂಚಿಹೋಗುತ್ತಾರೆ. ಯುದ್ಧವಿಮಾನದ ಕವಲಿನವರು ನಮ್ಮ ಬೀದರಿಗೆ ಬಂದು ಹಾಕ್ ಜೆಟ್ ವಿಮಾನದಲ್ಲಿ ಪಳಗುತ್ತಾರೆ, ಸಾರಿಗೆಯವರಿಗೆ ಯಲಹಂಕ.

ಇಲ್ಲಿ ಹಾರಾಟ ಬಲ್ಲ ಪದವೀಧರನಿಗೆ ಎದುರಾಗುವ ತೊಡಕೊಂದಿದೆ. ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾಗಿರುವ ಸೆಸ್ನಾ 172 ವಿಮಾನದಲ್ಲಿ ಕಲಿಯುವವನು ಎಡಗಡೆ ಕೂರುತ್ತಾನೆ, ಗುರು ಪಕ್ಕದಲ್ಲಿರುತ್ತಾನೆ. ಎಡಗೈ ಚಕ್ರದಂಥ ಹಿಡಿಯ ಮೇಲೆ, ಬಲಗೈ ಎಂಜಿನ್ನಿನ ವೇಗ ನಿಯಂತ್ರಿಸುವ ಥ್ರಾಟಲ್ ಮೇಲೆ. ಪಿಲಾಟಸ್ಸಿನಲ್ಲಿ ಗುರುಶಿಷ್ಯರು ಹಿಂದುಮುಂದಾಗಿ ಕೂರುತ್ತಾರೆ. ಬಲಗೈಗೆ ನಿಯಂತ್ರಣ ದಂಡ, ಎಡಗೈಗೆ ಥ್ರಾಟಲ್. ಎಂಜಿನ್ ಹಲವು ಪಟ್ಟು ಬಲಶಾಲಿ. ಕೈಗಳು ಕಲಿತದ್ದನ್ನು ಅದಲುಬದಲು ಮಾಡಿಕೊಳ್ಳಬೇಕು. ಇನ್ನು ಭೌತವಿಜ್ಞಾನದ ಮಾತು ಹೇಳದೆ ಬಿಟ್ಟರೆ ನಾನು ಮೇಷ್ಟರಾಗಿದ್ದೂ ವ್ಯರ್ಥ. 60 ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗುವ ವಿಮಾನದಲ್ಲಿ ದೇಹದ ತೂಕ ಎರಡು ಪಟ್ಟಾದಂತೆ ಭಾಸವಾಗುತ್ತದೆ. 60 ಕಿಲೋ ತೂಗುವವನಿಗೆ 120 ಕಿಲೋ ಆದ ಅನುಭವ. ಜೆಟ್ ಯುದ್ಧವಿಮಾನದ ಕಡಿದಾದ ತಿರುವಿನಲ್ಲಿ ಅದು ಏಳು ಪಟ್ಟಾದರೆ 420 ಕಿಲೋ! ರಕ್ತ ತಲೆಯಿಂದ ಕಾಲಿಗಿಳಿದು ಕಣ್ಣು ಕತ್ತಲಿಡುವ ಆ ಸ್ಥಿತಿಯಲ್ಲಿ ಶತ್ರು ಎಲ್ಲಿದ್ದಾನೆ, ಇಂಧನ ಎಷ್ಟಿದೆ, ಜೊತೆಗಾರನ ವಿಮಾನ ಎಲ್ಲಿದೆ ಎಂದು ಯೋಚಿಸಬೇಕು. ಪ್ರಯಾಣಿಕರ ಕೈಯಲ್ಲಿರುವ ಕಾಫಿ ಚೆಲ್ಲದಂತೆ ಹಾರಿಸುವ ವಿದ್ಯೆಯೇ ಬೇರೆ, ಇದೇ ಬೇರೆ.

ತರಗತಿಯಲ್ಲಿ ನಾನು ಪ್ರತಿವರ್ಷವೂ ಕಂಡ ಒಂದು ಸಂಗತಿ ಇಲ್ಲಿಗೆ ಹೊಂದುತ್ತದೆ. ಬೇಸಿಗೆ ರಜೆಯಲ್ಲೇ ಟ್ಯೂಷನ್ನಿಗೆ ಹೋಗಿ ಬೀಜಗಣಿತದ ಮೊದಲ ಎರಡು ಅಧ್ಯಾಯಗಳನ್ನು ಮುಗಿಸಿ ಬರುವ ಮಕ್ಕಳಿರುತ್ತಿದ್ದರು. ಜೂನ್ ತಿಂಗಳಿಡೀ ಅವರದೇ ಕೈ ಮೇಲೆ. ಪ್ರಶ್ನೆ ಕೇಳಿ ಮುಗಿಯುವ ಮೊದಲೇ ಉತ್ತರ. ಗೊತ್ತಿರುವುದನ್ನೇ ಕೇಳುವುದೇಕೆಂದು ಅವರಲ್ಲಿ ಕೆಲವರು ಪಾಠ ಕೇಳುವ ಅಭ್ಯಾಸವನ್ನೇ ಬಿಟ್ಟುಬಿಡುತ್ತಿದ್ದರು. ದಸರಾ ರಜೆ ಮುಗಿಸಿ ಬರುವ ಹೊತ್ತಿಗೆ, ಏನೂ ತಿಳಿಯದೆ ಬಂದು ದಿನದಿನವೂ ಗಮನವಿಟ್ಟು ಕಲಿತ ಹುಡುಗಿಯೊಬ್ಬಳು ಅವರನ್ನು ದಾಟಿ ಹೋಗಿರುತ್ತಿದ್ದಳು. ಟ್ಯೂಷನ್ನಿಗೆ ಹೋದವರೆಲ್ಲ ಹಿಂದೆ ಬಿದ್ದರೆಂದು ಹೇಳಲಾರೆ. ಮುಂದಾಗಿ ಕಲಿತದ್ದನ್ನು ಬದಿಗಿಟ್ಟು, ಹೊಸಬನಂತೆ ಕೂತು ಕೇಳಬಲ್ಲವರು ಎರಡರ ಲಾಭವನ್ನೂ ಪಡೆದರು. ಅಕಾಡೆಮಿಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ನಿಗದಿತ ಗಂಟೆಗಳೊಳಗೆ ನಿಗದಿತ ಮಟ್ಟ ಮುಟ್ಟದವನನ್ನು ಹಾರಾಟದ ತರಬೇತಿಯಿಂದ ಕೈಬಿಡುತ್ತಾರೆ. ಹಾಗೆ ಕೈಬಿಟ್ಟವನು ಪೈಲಟ್ ಆಗಲು ಮತ್ತೆ ಅರ್ಜಿ ಹಾಕುವಂತಿಲ್ಲ.

ಚರಿತ್ರೆಯಲ್ಲಿ ಇದಕ್ಕೆ ನಿದರ್ಶನಗಳಿವೆ. ಆಸ್ಪಿ ಇಂಜಿನಿಯರ್ ಅವರು 1930ರಲ್ಲಿ, ಇನ್ನೂ ಹದಿಹರೆಯದವರಾಗಿದ್ದಾಗಲೇ, ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ ವಿಮಾನ ಹಾರಿಸಿ ಆಗಾಖಾನ್ ಬಹುಮಾನ ಗೆದ್ದರು. ಆ ಸ್ಪರ್ಧೆಯಲ್ಲಿ ಜೆ.ಆರ್.ಡಿ. ಟಾಟಾ ಅವರೂ ಇದ್ದರು. ಅಷ್ಟು ದೊಡ್ಡ ಸಾಧನೆ ಮಾಡಿದ ತರುಣನೂ ವಾಯುಪಡೆ ಸೇರುವಾಗ ಕ್ರಾನ್‌ವೆಲ್ ಕಾಲೇಜಿನಲ್ಲಿ ಉಳಿದ ಕೆಡೆಟ್ಟುಗಳೊಡನೆ ಮೊದಲಿನಿಂದ ಕಲಿಯಬೇಕಾಯಿತು. ಅವರು ಕಲಿತರು, 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಪೈಲಟ್‌ಗಳ ಕೊರತೆಯಾದಾಗ, 1940ರಲ್ಲಿ, ಹಾರಾಟದ ಪರವಾನಗಿ ಇದ್ದ 24 ಮಂದಿ ಭಾರತೀಯರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹವ್ಯಾಸಕ್ಕೆಂದು ಕಲಿತಿದ್ದ ಮೊಹಿಂದರ್ ಸಿಂಗ್ ಪುಜ್ಜಿ ಅವರಲ್ಲೊಬ್ಬರು. ಅವರು ಮುಂದೆ ಹರಿಕೇನ್ ಯುದ್ಧವಿಮಾನ ಹಾರಿಸಿ ವಿಶಿಷ್ಟ ವೈಮಾನಿಕ ಪದಕ ಪಡೆದರು. ಪರವಾನಗಿ ಇದ್ದವರನ್ನೇ ಹುಡುಕಿ ಕರೆದೊಯ್ದದ್ದು ಯುದ್ಧದ ತುರ್ತಿನಿಂದ. ಇಂದು ಅಂಥ ತುರ್ತು ಇಲ್ಲ.

ನಮ್ಮ ಕಾಲದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 2016ರ ಜೂನ್ 18ರಂದು ದುಂಡಿಗಲ್ಲಿನಲ್ಲಿ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು ಅಧಿಕಾರಿಗಳಾದರು. ಅವರಲ್ಲಿ ಅವನಿ ಚತುರ್ವೇದಿ ಅವರು ಓದಿದ ಬನಸ್ಥಲಿ ವಿದ್ಯಾಪೀಠದಲ್ಲಿ ಫ್ಲೈಯಿಂಗ್ ಕ್ಲಬ್ಬಿತ್ತು. ಅಲ್ಲಿ ಕೆಲವು ಗಂಟೆ ಹಾರಿದ ಅನುಭವವೇ ಅವರಲ್ಲಿ ಆಸೆ ಹುಟ್ಟಿಸಿತು. ಭಾವನಾ ಕಾಂತ್ ನಮ್ಮ ಬೆಂಗಳೂರಿನ ಬಿ.ಎಂ.ಎಸ್. ಕಾಲೇಜಿನಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಓದಿ ಬಂದವರು. ಇಬ್ಬರೂ ಒಂದೇ ದಿನ, ಒಂದೇ ಮೈದಾನದಲ್ಲಿ ಹೆಜ್ಜೆ ಹಾಕಿದರು. 2018ರ ಫೆಬ್ರವರಿಯಲ್ಲಿ ಅವನಿ ಮಿಗ್-21 ವಿಮಾನವನ್ನು ಒಂಟಿಯಾಗಿ ಹಾರಿಸಿದ ಮೊದಲ ಭಾರತೀಯ ಮಹಿಳೆಯಾದರು. 2019ರ ಮೇ ತಿಂಗಳಲ್ಲಿ ಹಗಲಿನ ಯುದ್ಧ ಕಾರ್ಯಾಚರಣೆಗೆ ಅರ್ಹತೆ ಪಡೆದ ಮೊದಲಿಗರು ಭಾವನಾ. ಅವನಿಯವರ ಹಿಂದಿದ್ದುದು ಅಡವಿಟ್ಟ ಜಮೀನಿನಿಂದ ಬಂದ ಇನ್ನೂರು ಗಂಟೆಗಳಲ್ಲ, ಕಾಲೇಜಿನ ಕ್ಲಬ್ಬು ಕೊಟ್ಟ ಕೆಲವೇ ಗಂಟೆಗಳು. ಆ ಕೆಲವು ಗಂಟೆಗಳು ಮಾಡಿದ ಕೆಲಸ ದೊಡ್ಡದು; ತನಗೆ ಬೇಕಾದುದು ಆಕಾಶವೇ ಎಂಬುದನ್ನು ಅವು ಆಕೆಗೆ ತೋರಿಸಿಕೊಟ್ಟವು.

ಹಾರಾಟದ ಮುನ್ನನುಭವದ ನಿಜವಾದ ಪ್ರಯೋಜನ ಇದೇ ಎಂದು ನನಗನಿಸುತ್ತದೆ. ಯುವಕರಲ್ಲಿ ಎಷ್ಟೋ ಮಂದಿ ಸಮವಸ್ತ್ರಕ್ಕೆ ಮರುಳಾಗುತ್ತಾರೆ, ಸಿನಿಮಾಕ್ಕೆ ಮರುಳಾಗುತ್ತಾರೆ. ಹತ್ತಿಪ್ಪತ್ತು ಗಂಟೆ ಪುಟ್ಟ ವಿಮಾನದಲ್ಲಿ ಕೂತು, ಬಿಸಿಲಿನ ಗಾಳಿಯ ಕುಲುಕಾಟಕ್ಕೆ ಹೊಟ್ಟೆ ತೊಳಸಿ, ಇಳಿಯುವಾಗ ಗುರುವಿನಿಂದ ಬೈಸಿಕೊಂಡ ಮೇಲೂ ನಾಳೆ ಬೆಳಗ್ಗೆ ಮತ್ತೆ ಹಾರಬೇಕೆನಿಸಿದರೆ ಆ ಆಸೆ ಗಟ್ಟಿಯೆಂದು ತಿಳಿಯಬಹುದು. ಇದಕ್ಕೆ ಎನ್.ಸಿ.ಸಿ. ವಾಯುದಳಕ್ಕಿಂತ ಒಳ್ಳೆಯ ದಾರಿ ಸಾಮಾನ್ಯ ಕುಟುಂಬದ ಮಕ್ಕಳಿಗೆ ಇನ್ನೊಂದಿಲ್ಲ. ಅಲ್ಲಿ ಆಯ್ದ ಕೆಡೆಟ್ಟುಗಳಿಗೆ ಮೈಕ್ರೋಲೈಟ್ ವಿಮಾನದಲ್ಲಿ ಹಾರುವ ಅವಕಾಶ ಸಿಗುತ್ತದೆ. 'ಸಿ' ಪ್ರಮಾಣಪತ್ರ ಪಡೆದವರಿಗೆ ಹಾರಾಟ ಶಾಖೆಯಲ್ಲಿ ಶೇ. 10ರಷ್ಟು ಸ್ಥಾನಗಳು ಮೀಸಲು, ಲಿಖಿತ ಪರೀಕ್ಷೆಯೂ ಇಲ್ಲ. ಲಕ್ಷಗಟ್ಟಲೆ ಸುರಿದು ಪಡೆದ ಪರವಾನಗಿಗೆ ದೊರೆಯದ ಸೌಲಭ್ಯ ಕಾಲೇಜಿನ ಬೆಳಗಿನ ಪೆರೇಡಿಗೆ ದೊರೆಯುತ್ತದೆ. ಇದು ಎಷ್ಟು ಪೋಷಕರಿಗೆ ಗೊತ್ತಿದೆ?

"ವಾಯುಪಡೆ ಸಿಗದಿದ್ದರೂ ಪರವಾನಗಿಯಿದ್ದರೆ ವಿಮಾನ ಸಂಸ್ಥೆಯ ನೌಕರಿ ಸಿಗುತ್ತದಲ್ಲ, ಮೇಷ್ಟ್ರೇ" ಎಂದು ಕೇಳುವವರಿದ್ದಾರೆ. ಒಪ್ಪತಕ್ಕ ಮಾತೇ. ಪ್ರಯಾಣಿಕ ವಿಮಾನದ ಪೈಲಟ್ ಆಗುವುದು ಗೌರವದ ವೃತ್ತಿ. ಜಕ್ಕೂರಿನ ಸರ್ಕಾರಿ ಶಾಲೆಯಂಥಲ್ಲಿ ಕಲಿತು ಆ ದಾರಿ ಹಿಡಿದವರು ನಮ್ಮ ನಾಡಿನಲ್ಲಿ ಹಲವರಿದ್ದಾರೆ. ಆದರೆ ಅದು ಬೇರೆಯೇ ಆದ ನಿರ್ಧಾರ, ಅದರ ಲೆಕ್ಕಾಚಾರವೂ ಬೇರೆ. ಪರವಾನಗಿಗೆ ಬೇಕಾದ 200 ಗಂಟೆಗಳ ಮೇಲೆ, ದೊಡ್ಡ ವಿಮಾನವೊಂದರ ವಿಶೇಷ ತರಬೇತಿಗೂ ಹಣ ಹೊಂದಿಸಬೇಕು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕಿಕೊಂಡು ಅಲೆದರು. ಸಾಲದ ಕಂತಿಗೆ ಇದೆಲ್ಲ ತಿಳಿಯದು. ಸಾಲವಿಲ್ಲದೆ ಭರಿಸಬಲ್ಲ ಮನೆತನದವರು ಆ ದಾರಿಯನ್ನು ಧಾರಾಳವಾಗಿ ಹಿಡಿಯಲಿ. ವಾಯುಪಡೆಯ ಹೆಸರು ಹೇಳಿಕೊಂಡು ಹಿಡಿಯುವುದು ಬೇಡ. ವಾಯುಪಡೆ ಸೇರುವವನಿಗೆ ತರಬೇತಿಯ ವೆಚ್ಚವನ್ನು ದೇಶವೇ ಹೊರುತ್ತದೆ, ಕಲಿಯುವಾಗಲೇ ವೇತನವನ್ನೂ ಕೊಡುತ್ತದೆ.

ಆ ವೆಚ್ಚದ ಇನ್ನೊಂದು ಮುಖವನ್ನೂ ಮರೆಯಬಾರದು. ಅಲ್ಪಾವಧಿ ಸೇವೆಯೆಂದು ಕರೆಯುವ ನೇಮಕದಲ್ಲೂ ಹಾರಾಟ ಶಾಖೆಯವರಿಗೆ 14 ವರ್ಷ ದುಡಿಮೆಯಿದೆ. ಮನೆಯಿಂದ ದೂರ, ಗಡಿಯ ಸಮೀಪ, ಶಾಂತಿಕಾಲದಲ್ಲೂ ಅಪಾಯದ ನೆರಳಿನಲ್ಲಿ. ಹಿಂದಿರುಗದ ಪೈಲಟ್‌ಗಳ ಮನೆಗಳು ಈ ದೇಶದಲ್ಲಿ ಎಷ್ಟೋ ಇವೆ. ಮಗ ಅಥವಾ ಮಗಳು ಈ ದಾರಿ ಬೇಕೆಂದಾಗ ಪೋಷಕರು ವಿಚಾರಿಸಬೇಕಾದುದು ಹಣದ ಹೊಂದಿಕೆಗಿಂತ ಮೊದಲು ಮನಸ್ಸಿನ ಹೊಂದಿಕೆಯನ್ನು.

ಆದ್ದರಿಂದ, ನನ್ನ ಮಕ್ಕಳ ಸಮಾನರಾದ ನಿಮಗೆಲ್ಲ ನನ್ನ ಸಲಹೆಯಿಷ್ಟು. ಮೊದಲು ಕಣ್ಣು ಮತ್ತು ಎತ್ತರ ಪರೀಕ್ಷಿಸಿ. ಪಿ.ಯು.ಸಿ.ಯ ಗಣಿತ, ಭೌತವಿಜ್ಞಾನಗಳನ್ನು ಹಗುರವಾಗಿ ಕಾಣಬೇಡಿ. ಕಾಲೇಜು ಸೇರಿದ ವರ್ಷವೇ ಎನ್.ಸಿ.ಸಿ. ವಾಯುದಳ ಹತ್ತಿರದಲ್ಲಿದೆಯೇ ವಿಚಾರಿಸಿ. ಹಾರುವ ಅವಕಾಶ ಸಿಕ್ಕಷ್ಟು ಹಾರಲಿ. ವಯಸ್ಸು 24 ದಾಟುವ ಮುನ್ನ ಎ.ಎಫ್.ಕ್ಯಾಟ್, ಸಿ.ಡಿ.ಎಸ್.ಗಳನ್ನು ಬರೆಯಲಿ. ಮೈಸೂರಿನ ಆ ಒಂದೇ ಸಲದ ಪರೀಕ್ಷೆಗೆ ನಿದ್ದೆಗೆಡದೆ, ಶಾಂತಚಿತ್ತದಿಂದ ಹೋಗಲಿ. ಆಯ್ಕೆಯಾದರೆ, ಎಷ್ಟು ಗಂಟೆ ಹಾರಿದ್ದರೂ ಆ ಲಾಗ್‌ಬುಕ್ಕನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಅಕಾಡೆಮಿಯ ಗುರುವಿನೆದುರು ಹೊಸ ವಿದ್ಯಾರ್ಥಿಯಾಗಿ ನಿಲ್ಲಲಿ. ಆಯ್ಕೆಯಾಗದಿದ್ದರೆ, ಪದವಿ ಕೈಯಲ್ಲಿದೆ, ತೋಟವೂ ನಿಮ್ಮ ಹೆಸರಿನಲ್ಲೇ ಇದೆ. ಬದುಕಲು ಬೇರೆ ಹಲವು ದಾರಿಗಳಿವೆ.